1-0 ಆದ ಮೇಲೆ ಹಿಂದೆ ಸರಿಯೋದು ಯಾಕೆ? ಸೌತ್‌ಗೇಟ್ ಕಾಲದ ಇಂಗ್ಲೆಂಡ್ ಬಗ್ಗೆ ಒಂದು ಚರ್ಚೆ

ನಂಬರ್ ಆರು

2021ರ ಯೂರೋ (ಯೂರೋಪಿನ ದೇಶಗಳ ಫುಟ್‌ಬಾಲ್ ಟೂರ್ನಿ) ಫೈನಲ್ ನಿನ್ನೆ ಮತ್ತೆ ಪೂರ್ತಿ ನೋಡಿದೆ. ಇಂಗ್ಲೆಂಡ್–ಇಟಲಿ, ವೆಂಬ್ಲಿ. ಕೊನೆಗೆ ಪೆನಾಲ್ಟಿ ಶೂಟೌಟ್‌ನಲ್ಲಿ ಇಂಗ್ಲೆಂಡ್ ಸೋಲುತ್ತೆ ಅಂತ ಗೊತ್ತಿದ್ದರೂ ಹೊಟ್ಟೆಯಲ್ಲಿ ಸಂಕಟ ಆಯಿತು.

2ನೇ ನಿಮಿಷಕ್ಕೇ ಗೋಲು. ಬಲಗಡೆಯಿಂದ ಟ್ರಿಪ್ಪಿಯರ್ ಕ್ರಾಸ್ ಹಾಕಿದ. ಎಡಗಡೆಯಿಂದ ಓಡಿ ಬಂದ ಲ್ಯೂಕ್ ಶಾ, ಚೆಂಡು ನೆಲ ಮುಟ್ಟಿ ಏಳುತ್ತಿದ್ದಂತೆ ಎಡಗಾಲಲ್ಲಿ ಬಾರಿಸಿದ. ಒಬ್ಬ ವಿಂಗ್ ಬ್ಯಾಕ್ (ಅಂಚಿನುದ್ದಕ್ಕೂ ಹಿಂದೆ ಮುಂದೆ ಓಡುವವನು) ಕೊಟ್ಟ ಚೆಂಡು, ಇನ್ನೊಬ್ಬ ವಿಂಗ್ ಬ್ಯಾಕ್ ಹೊಡೆದ ಗೋಲು. ಹಿಂದೆ ಮೂರು ಜನ ಡಿಫೆಂಡರ್‌ಗಳನ್ನು ಇಟ್ಟುಕೊಂಡೂ ಎಷ್ಟು ಚೆನ್ನಾಗಿ ಮುಂದೆ ಹೋಗಬಹುದು ಅಂತ ಅವತ್ತು ಮೊದಲ ಅರ್ಧ ಗಂಟೆಯಲ್ಲಿ ತೋರಿಸಿದ್ದರು.

ಆಮೇಲೆ ಅದೇ ಇಬ್ಬರು ಹಿಂದೆ ಹೋಗಿ ನಿಂತರು. ಮೂರು ಇದ್ದದ್ದು ಐದಾಯಿತು. ಅವರ ಮುಂದೆ ಮಿಡ್‌ಫೀಲ್ಡರ್‌ಗಳಾದ ರೈಸ್, ಫಿಲಿಪ್ಸ್. ಇಟಲಿಯ ಜೊರ್ಜಿನ್ಯೋ ಮತ್ತು ವೆರಾಟಿಗೆ ಇಡೀ ಮಿಡ್‌ಫೀಲ್ಡ್ ಬಿಟ್ಟುಕೊಟ್ಟ ಹಾಗಾಯಿತು. ಕಿಯೇಸಾ ಒಬ್ಬನೇ ಎಷ್ಟು ಸಲ ನುಗ್ಗಿದ! 67ನೇ ನಿಮಿಷಕ್ಕೆ ಕಾರ್ನರ್, ಗೋಲಿನ ಮುಂದೆ ನೂಕುನುಗ್ಗಲು, ಬೊನುಚ್ಚಿ ಗೋಲು. ಇಟಲಿ ಕೋಚ್ ಮಾನ್ಚೀನಿ ಅಷ್ಟರಲ್ಲಿ ಇಬ್ಬರನ್ನು ಬದಲಾಯಿಸಿ ಆಗಿತ್ತು. ಇಂಗ್ಲೆಂಡ್ ಕೋಚ್ ಸೌತ್‌ಗೇಟ್ ಮೊದಲ ಸಬ್ (ಬದಲಿ ಆಟಗಾರ) ಕಳಿಸಿದ್ದು ಗೋಲು ಬಿದ್ದ ಮೇಲೆ. ಊರೆಲ್ಲ ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ನನ್ನ ಪ್ರಶ್ನೆ ಇಷ್ಟೇ. ಹಿಂದೆ ಸರಿಯಿರಿ ಅಂತ ಕೋಚ್ ಹೇಳಿದ್ದಕ್ಕೆ ಅವರು ಸರಿದರಾ? ಅಥವಾ ಮುಂದೆ ನಿಲ್ಲೋಕೆ ಆಗದಂಥ ತಂಡವನ್ನೇ ಆರಿಸಿದ್ದರಾ?

ಹಳೇ ಬೂಟು

ಸೌತ್‌ಗೇಟ್ ಅವರನ್ನು ಬೈಯೋ ಮುಂಚೆ ಹಿಂದಿನದನ್ನು ಸ್ವಲ್ಪ ನೆನಪು ಮಾಡಿಕೊಳ್ಳಿ. 2008ರ ಯೂರೋಗೆ ಇಂಗ್ಲೆಂಡ್ ಅರ್ಹತೆಯನ್ನೇ ಪಡೆಯಲಿಲ್ಲ. 2014ರ ವಿಶ್ವಕಪ್‌ನಲ್ಲಿ ಗ್ರೂಪ್ ಹಂತದಲ್ಲೇ ಮನೆಗೆ. 2016ರಲ್ಲಿ ಐಸ್‌ಲ್ಯಾಂಡ್ ಎದುರು 2-1 ಸೋಲು. ಲ್ಯಾಂಪಾರ್ಡ್, ಜೆರಾರ್ಡ್, ಬೆಕ್‌ಹ್ಯಾಮ್, ರೂನಿ ಎಲ್ಲ ಇದ್ದ ಕಾಲದಲ್ಲೂ ಕ್ವಾರ್ಟರ್‌ಫೈನಲ್ ದಾಟಲಿಲ್ಲ.

ಆಮೇಲೆ ಈ ಮನುಷ್ಯ ಬಂದರು. 2018ರಲ್ಲಿ ವಿಶ್ವಕಪ್ ಸೆಮಿಫೈನಲ್. 2021ರಲ್ಲಿ ಯೂರೋ ಫೈನಲ್. 2024ರಲ್ಲಿ ಮತ್ತೆ ಯೂರೋ ಫೈನಲ್. 1966ರ ನಂತರ ಯಾವ ಇಂಗ್ಲೆಂಡ್ ಕೋಚ್ ಫೈನಲ್ ನೋಡಿದ್ದರು, ಹೇಳಿ? ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ಮೊಟ್ಟಮೊದಲ ಬಾರಿ ಪೆನಾಲ್ಟಿ ಶೂಟೌಟ್ ಗೆದ್ದದ್ದು ಇವರ ಕೈಯಲ್ಲಿ, ಕೊಲಂಬಿಯಾ ಎದುರು.

ನೀವು ಹೇಳುವ ಆ 2021ರ ಟೂರ್ನಿಯಲ್ಲೇ ಮೊದಲ ಐದು ಪಂದ್ಯದಲ್ಲಿ ಒಂದು ಗೋಲೂ ಬಿಟ್ಟಿರಲಿಲ್ಲ. ಕ್ರೊಯೇಷಿಯಾ, ಸ್ಕಾಟ್ಲೆಂಡ್, ಜೆಕ್, ಜರ್ಮನಿ, ಉಕ್ರೇನ್, ಎಲ್ಲರಿಗೂ ಸೊನ್ನೆ. ಸೆಮಿಯಲ್ಲಿ ಡೆನ್ಮಾರ್ಕ್ ಹುಡುಗ ಡ್ಯಾಮ್ಸ್‌ಗಾರ್ಡ್ ಫ್ರೀ ಕಿಕ್ ಹೊಡೆದ ಮೇಲೇ ಲೆಕ್ಕ ಶುರುವಾಗಿದ್ದು. ಆ ಎಚ್ಚರಿಕೆಯಿಂದಲೇ ಫೈನಲ್‌ವರೆಗೆ ಬಂದದ್ದು. ಬಂದ ದಾರಿಯನ್ನೇ ಕೊನೇ ದಿನ ಬೈದರೆ ಹೇಗೆ?

ಥ್ರೋ ಇನ್

ಬೂಟು ಸರ್, ನಿಮ್ಮ ಲೆಕ್ಕ ಒಪ್ಪುತ್ತೇನೆ. ಆದರೆ ಇನ್ನೊಂದು ಲೆಕ್ಕ ಇದೆ.

2018 ಸೆಮಿ, ಕ್ರೊಯೇಷಿಯಾ: 5ನೇ ನಿಮಿಷಕ್ಕೆ ಟ್ರಿಪ್ಪಿಯರ್ ಫ್ರೀ ಕಿಕ್, 1-0. ಕೊನೆಗೆ 2-1 ಸೋಲು. 2021 ಫೈನಲ್: 2ನೇ ನಿಮಿಷಕ್ಕೆ 1-0. ಕೊನೆಗೆ ಶೂಟೌಟ್ ಸೋಲು. 2024 ಗ್ರೂಪ್ ಹಂತ, ಡೆನ್ಮಾರ್ಕ್: 18ನೇ ನಿಮಿಷಕ್ಕೆ ಕೇನ್ ಗೋಲು, 1-0. 34ನೇ ನಿಮಿಷಕ್ಕೆ ಹ್ಯುಲ್ಮಾಂಡ್ ದೂರದಿಂದ ಹೊಡೆದು 1-1.

ಆಟಗಾರರು ಬೇರೆ, ವರ್ಷ ಬೇರೆ. ಬೇಗ ಗೋಲು ಸಿಕ್ಕ ಮೇಲೆ ಆಗೋದು ಮಾತ್ರ ಒಂದೇ.

ಹಳೇ ಬೂಟು

ಕ್ರೊಯೇಷಿಯಾ ಪಂದ್ಯವನ್ನು ಈ ಪಟ್ಟಿಗೆ ಸೇರಿಸಬೇಡಿ. ಆ ಕಡೆ ಮೊಡ್ರಿಚ್, ರಾಕಿಟಿಚ್, ಬ್ರೊಜೊವಿಚ್ ಇದ್ದರು. ಈ ಕಡೆ ಹೆಂಡರ್ಸನ್ ಒಬ್ಬ ಹಿಂದೆ, ಅವನ ಮುಂದೆ ಅಲಿ ಮತ್ತು ಲಿಂಗಾರ್ಡ್. ಚೆಂಡು ಹಿಡಿದಿಟ್ಟುಕೊಳ್ಳಬಲ್ಲ ಒಬ್ಬ ಮಿಡ್‌ಫೀಲ್ಡರ್ ಆಗ ದೇಶದಲ್ಲೇ ಇರಲಿಲ್ಲ. ಇಲ್ಲದವನನ್ನು ಎಲ್ಲಿಂದ ತರೋದು? ಹಾಸಿಗೆ ಇದ್ದಷ್ಟು ಕಾಲು ಚಾಚಿದರು. ಎದುರಾಳಿ ತಳ್ಳಿದಾಗ ಹಿಂದೆ ಹೋಗಬೇಕಾಗುತ್ತೆ. ಅದನ್ನೆಲ್ಲ ಕೋಚ್ ತಲೆಗೆ ಕಟ್ಟೋದು ಸರಿಯಲ್ಲ.

ಬಲಗಾಲು

ನಾನು 2024ರ ಬಗ್ಗೆ ಮಾತಾಡ್ತೀನಿ. ಅಲ್ಲಿ "ಇಲ್ಲದವನನ್ನು ಎಲ್ಲಿಂದ ತರೋದು" ಅನ್ನೋ ಮಾತು ನಡೆಯಲ್ಲ.

26 ಜನರ ತಂಡ. ಅದರಲ್ಲಿ ಎಡಗಾಲಿನ ಲೆಫ್ಟ್ ಬ್ಯಾಕ್ (ಎಡ ಅಂಚಿನ ಡಿಫೆಂಡರ್) ಒಬ್ಬನೇ, ಲ್ಯೂಕ್ ಶಾ. ಅವನು ಫೆಬ್ರವರಿಯಿಂದ ಗಾಯ ಅಂತ ಒಂದು ಪಂದ್ಯವನ್ನೂ ಆಡಿರಲಿಲ್ಲ. ಹಾಗಾಗಿ ಬಲಗಾಲಿನ ಟ್ರಿಪ್ಪಿಯರ್ ಎಡಗಡೆ. ಒಂದು ದಿನಕ್ಕಲ್ಲ, ಸೆಮಿಫೈನಲ್ ಅರ್ಧದವರೆಗೂ!

ಇದು ಟಿವಿಯಲ್ಲಿ ಸಣ್ಣ ವಿಷಯದ ಹಾಗೆ ಕಾಣುತ್ತೆ. ನಾನು ಎರಡು ವರ್ಷ ಲೆಫ್ಟ್ ಬ್ಯಾಕ್ ಆಡಿದವನು, ಬಲಗಾಲಿನವನು. ನಮ್ಮ ತಂಡದಲ್ಲೂ ಬೇರೆ ಯಾರೂ ಇರಲಿಲ್ಲ ಅಂತ ನನ್ನನ್ನು ಹಾಕಿದ್ದರು. ಅಲ್ಲಿ ಏನಾಗುತ್ತೆ ಅಂತ ಹೇಳ್ತೀನಿ ಕೇಳಿ.

ಸೆಂಟರ್ ಬ್ಯಾಕ್ ನಿಮಗೆ ಚೆಂಡು ಕೊಡ್ತಾನೆ. ನಿಮ್ಮ ಎಡಗಡೆ ಬಿಳಿ ಗೆರೆ, ಅದರ ಪಕ್ಕ ಖಾಲಿ ಜಾಗ. ಎಡಗಾಲಿನವನಾದರೆ ಚೆಂಡನ್ನು ಗೆರೆ ಕಡೆಗೇ ತಗೊಂಡು, ತಲೆ ಎತ್ತಿ, ಓಡ್ತಾನೆ. ನೀವು ಬಲಗಾಲಲ್ಲಿ ನಿಲ್ಲಿಸ್ತೀರಿ. ನಿಲ್ಲಿಸಿದ ತಕ್ಷಣ ಮೈ ತಾನಾಗಿ ಒಳಗಡೆ ತಿರುಗುತ್ತೆ. ಒಳಗಡೆ ಎದುರಾಳಿ ಕಾಯ್ತಿರ್ತಾನೆ. ಅವನಿಗೂ ಗೊತ್ತು, ನೀವು ಗೆರೆ ಕಡೆ ಹೋಗಲ್ಲ ಅಂತ. ಅರ್ಧ ಸೆಕೆಂಡ್ ಯೋಚನೆ ಮಾಡ್ತೀರಿ. ಆಮೇಲೆ ಬಂದ ಚೆಂಡನ್ನು ಬಂದವನಿಗೇ ವಾಪಸ್ ಕೊಡ್ತೀರಿ. ಬೇರೆ ದಾರಿಯೇ ಕಾಣಲ್ಲ. ಹೊರಗೆ ನಿಂತವರು "ಏನ್ ಹೆದರ್ತಾನೆ ಇವನು" ಅಂತಾರೆ. ನನಗೂ ಅಂದಿದ್ದಾರೆ. ನಾನು ಹೆದರಿರಲಿಲ್ಲ. ನನ್ನ ಕಾಲು ಆ ಕಡೆಯದಾಗಿರಲಿಲ್ಲ, ಅಷ್ಟೇ.

ಈಗ ಅದೇ ಕಡೆ ಮುಂದೆ ಫೋಡನ್ ಇದ್ದಾನೆ ಅಂದುಕೊಳ್ಳಿ. ಅವನಿಗೆ ಇಷ್ಟ ಒಳಗೆ ಬಂದು ಆಡೋದು. ಟ್ರಿಪ್ಪಿಯರೂ ಒಳಗೆ, ಫೋಡನ್ನೂ ಒಳಗೆ, ಬೆಲಿಂಗಮ್ ಅಲ್ಲೇ, ಕೇನ್ ಹಿಂದೆ ಬಂದು ಅಲ್ಲೇ. ಮೈದಾನದ ಎಡಭಾಗ ಪೂರ್ತಿ ಖಾಲಿ. ಎದುರಾಳಿಗೆ ಇನ್ನೇನು ಬೇಕು? ನಡುವೆ ಒತ್ತಾಗಿ ನಿಂತರೆ ಸಾಕು. ಸ್ಲೊವೇನಿಯಾ ಎದುರು 0-0 ಆಗಿದ್ದು ಹೀಗೇ. ಆಟಗಾರರು ಎಚ್ಚರಿಕೆಯಿಂದ ಆಡಿದರು ಅಂತ ಎಲ್ಲರೂ ಬರೆದರು. ಆ ಎಚ್ಚರಿಕೆ 26 ಜನರ ಹೆಸರು ಓದಿದ ದಿನವೇ ಬರೆದಾಗಿತ್ತು.

ನಂಬರ್ ಆರು

ಇದು, ಇದು! ನಾನು ಹೇಳಬೇಕು ಅಂದುಕೊಂಡು ಹೇಳಲಾಗದ್ದನ್ನು ನೀವು ಹೇಳಿದಿರಿ.

ಮಿಡ್‌ಫೀಲ್ಡ್‌ನಲ್ಲೂ ಇದೇ ಕಥೆ. ರೈಸ್ ಪಕ್ಕ ಮೊದಲ ಎರಡು ಪಂದ್ಯಕ್ಕೆ ಅಲೆಕ್ಸಾಂಡರ್-ಆರ್ನಲ್ಡ್. ಕ್ಲಬ್‌ನಲ್ಲಿ ಅವನು ರೈಟ್ ಬ್ಯಾಕ್. ಮೂರನೆಯದಕ್ಕೆ ಗ್ಯಾಲಗರ್. ಅವನನ್ನೂ ಅರ್ಧಕ್ಕೇ ಎತ್ತಿ ಮೈನೂವನ್ನು ಬಿಟ್ಟರು. ನಾಲ್ಕನೇ ಪಂದ್ಯದಿಂದ ಮೈನೂ ಖಾಯಂ. ಇದನ್ನು ಟೂರ್ನಿ ಶುರುವಾಗುವ ಮುಂಚೆ ಸ್ನೇಹಪಂದ್ಯಗಳಲ್ಲಿ ಮಾಡಿ ನೋಡಬೇಕಿತ್ತು ಅಲ್ವಾ?

ಗ್ಯಾಲರಿ

ನನಗೆ ಈ ಚರ್ಚೆಯಲ್ಲಿ ಒಂದು ಅರ್ಥವಾಗ್ತಿಲ್ಲ. ಎಚ್ಚರಿಕೆಯಿಂದ ಆಡಿ ಕಪ್ ಗೆದ್ದವರು ಎಷ್ಟು ಜನ ಇದ್ದಾರೆ!

2004ರಲ್ಲಿ ಗ್ರೀಸ್. ಕೋಚ್ ರೆಹಾಗೆಲ್ ಅವರ ತಂಡ ನಾಕೌಟ್‌ನಲ್ಲಿ ಫ್ರಾನ್ಸ್, ಜೆಕ್, ಪೋರ್ಚುಗಲ್ ಮೂರನ್ನೂ 1-0ಯಿಂದ ಸೋಲಿಸಿತು. 2016ರಲ್ಲಿ ಪೋರ್ಚುಗಲ್ ಗ್ರೂಪ್‌ನ ಮೂರೂ ಪಂದ್ಯ ಡ್ರಾ ಮಾಡಿಕೊಂಡು, ಫೈನಲ್‌ನಲ್ಲಿ ರೊನಾಲ್ಡೊ ಗಾಯವಾಗಿ ಹೊರಗೆ ಹೋದ ಮೇಲೂ, 109ನೇ ನಿಮಿಷಕ್ಕೆ ಎಡೆರ್ ಗೋಲಿಂದ ಗೆದ್ದಿತು. 2018ರ ಫ್ರಾನ್ಸ್ ಕೂಡ ಚೆಂಡನ್ನು ಎದುರಾಳಿಗೆ ಬಿಟ್ಟುಕೊಟ್ಟು ಆಡಿದ ತಂಡವೇ.

ಈ ಕಡೆ 1982ರ ಬ್ರೆಜಿಲ್ ನೋಡಿ. ಜೀಕೋ, ಸಾಕ್ರೆಟಿಸ್, ಫಾಲ್ಕಾವ್. ಇಟಲಿ ಎದುರು ಡ್ರಾ ಆಗಿದ್ದರೂ ಸೆಮಿಗೆ ಹೋಗುತ್ತಿದ್ದರು. 2-2 ಆಗಿತ್ತು. ಆದರೂ ನಿಲ್ಲಲಿಲ್ಲ, ಮುಂದೆ ಹೋಗುತ್ತಲೇ ಇದ್ದರು. ರೋಸಿ ಮೂರನೇ ಗೋಲು ಹೊಡೆದು ಮನೆಗೆ ಕಳಿಸಿದ. ಆ ಪಂದ್ಯದ ಬಗ್ಗೆ ಹಿರಿಯರು ಈಗಲೂ ಕಣ್ಣಲ್ಲಿ ನೀರು ತಂದುಕೊಂಡು ಮಾತಾಡ್ತಾರೆ. ಕಪ್ ಮಾತ್ರ ಸಿಗಲಿಲ್ಲ.

ಹಾಗಾಗಿ ಸೌತ್‌ಗೇಟ್ ದಾರಿ ತಪ್ಪು ಅಂತ ನಾನು ಒಪ್ಪಲ್ಲ. ಅವರ ಅದೃಷ್ಟ ಸರಿಯಿರಲಿಲ್ಲ.

ನಂಬರ್ ಆರು

ಗ್ಯಾಲರಿ, ನಿಮ್ಮ ಉದಾಹರಣೆಯನ್ನೇ ತಗೊಳ್ತೀನಿ. 2018ರ ಫ್ರಾನ್ಸ್.

ಕೋಚ್ ದೆಶಾಂ ಎಡಗಡೆ ವಿಂಗ್‌ಗೆ ಯಾರನ್ನು ಹಾಕಿದರು? ಮಟ್ವಿಡಿಯನ್ನು. ಅವನು ಮಿಡ್‌ಫೀಲ್ಡರ್. ಪೇಪರ್ ಮೇಲೆ ಇದಕ್ಕಿಂತ ಎಚ್ಚರಿಕೆಯ ಆಯ್ಕೆ ಇಲ್ಲ. ಆದರೆ ಮಟ್ವಿಡಿ ಹಿಂದೆ ಓಡ್ತಿದ್ದುದರಿಂದ ಬಲಗಡೆ ಎಂಬಾಪೆ ಹಿಂದೆ ಬರಬೇಕಾಗಿರಲಿಲ್ಲ. ಅವನು ಮುಂದೆಯೇ ನಿಂತಿರ್ತಿದ್ದ. ಚೆಂಡು ಸಿಕ್ಕರೆ ಸಾಕು, ಅರ್ಜೆಂಟೀನಾ ಎದುರು ಓಡಿದನಲ್ಲ, ಹಾಗೆ. ಎದುರಾಳಿ ಡಿಫೆಂಡರ್‌ಗಳು ಅವನ ಭಯಕ್ಕೆ ಪೂರ್ತಿ ಮುಂದೆ ಬರುತ್ತಿರಲಿಲ್ಲ.

ವೆಂಬ್ಲಿಯಲ್ಲಿ ಇಂಗ್ಲೆಂಡ್‌ಗೆ ಆ ಓಟ ಯಾರದ್ದಿತ್ತು? ಕೇನ್ ಹಿಂದೆ ಬಂದು ಚೆಂಡು ತಗೊಳ್ಳೋನು. ಅವನು ಹಿಂದೆ ಬಂದಾಗ ಅವನನ್ನು ದಾಟಿ ಇಬ್ಬರು ಓಡಬೇಕು. ಸ್ಟರ್ಲಿಂಗ್ ಒಬ್ಬನೇ ಇದ್ದ. ಮೌಂಟ್ ಓಡೋ ಆಟಗಾರ ಅಲ್ಲ. ಸಾಕಾ, ರಾಷ್‌ಫರ್ಡ್, ಸ್ಯಾಂಚೊ ಮೂವರೂ ಬೆಂಚ್ ಮೇಲೆ. ಅಂದರೆ ಹಿಂದಿನಿಂದ ಚೆಂಡನ್ನು ದೂರ ಒದ್ದರೆ ಅದನ್ನು ಹಿಡಿಯೋರು ಯಾರೂ ಇಲ್ಲ. ಇಟಲಿ ಡಿಫೆಂಡರ್ ಕಿಯೆಲ್ಲಿನಿ ನಿಧಾನಕ್ಕೆ ನಡೆದು ಬಂದು ತಗೊಂಡು ಜೊರ್ಜಿನ್ಯೋಗೆ ಕೊಡ್ತಾನೆ. ಮತ್ತೆ ಶುರು. ಎರಡನೇ ಅರ್ಧವನ್ನು ಒಮ್ಮೆ ನೋಡಿ. ಇಂಗ್ಲೆಂಡ್ ಹೊರಗೆ ಒದ್ದ ಪ್ರತಿ ಚೆಂಡೂ ಕ್ಷಣದಲ್ಲಿ ವಾಪಸ್ ಬರುತ್ತೆ. ಡಿಫೆಂಡರ್‌ಗಳಿಗೆ ಉಸಿರು ತಗೊಳ್ಳೋಕೂ ಸಮಯ ಇಲ್ಲ.

ಇನ್ನೊಂದು ವಿಷಯ. 2010ರಲ್ಲಿ ಸ್ಪೇನ್ ವಿಶ್ವಕಪ್ ಗೆದ್ದಾಗ ಏಳು ಪಂದ್ಯದಲ್ಲಿ ಹೊಡೆದದ್ದು 8 ಗೋಲು. ನಾಕೌಟ್‌ನ ನಾಲ್ಕೂ ಪಂದ್ಯ 1-0. 2024ರಲ್ಲಿ ಇಂಗ್ಲೆಂಡ್ ಏಳು ಪಂದ್ಯದಲ್ಲಿ ಹೊಡೆದದ್ದೂ 8 ಗೋಲು. ಲೆಕ್ಕ ಒಂದೇ. ಆದರೆ ಶಾವಿ, ಇನಿಯೆಸ್ಟಾ ತಮ್ಮ ಗೋಲನ್ನು ಕಾಪಾಡಿಕೊಂಡದ್ದು ಚೆಂಡನ್ನು ತಮ್ಮ ಹತ್ತಿರ ಇಟ್ಟುಕೊಂಡು. ಚೆಂಡು ನಮ್ಮ ಹತ್ತಿರ ಇದ್ದರೆ ಎದುರಾಳಿ ಗೋಲು ಹೊಡೆಯೋಕೆ ಆಗಲ್ಲ. ಅದೂ ಎಚ್ಚರಿಕೆಯೇ. ಎದುರಾಳಿಗೆ ಚೆಂಡು ಕೊಟ್ಟು, ನಾವು ಹತ್ತು ಜನ ಅಡ್ಡ ನಿಂತು, ಏನೂ ಆಗದಿರಲಿ ಅಂತ ಕಾಯೋದು ಎಚ್ಚರಿಕೆ ಅನ್ನಿಸಲ್ಲ ನನಗೆ. ಅದರಲ್ಲೇ ಅಪಾಯ ಜಾಸ್ತಿ.

ಗ್ಯಾಲರಿ

ಮಟ್ವಿಡಿ ವಿಷಯ ನಾನು ಯೋಚಿಸಿರಲಿಲ್ಲ. ಒಪ್ಪಿದೆ. ಅದೃಷ್ಟದ ಮಾತು ವಾಪಸ್ ತಗೊಳ್ಳಲ್ಲ ಮಾತ್ರ. 2021ರ ಶೂಟೌಟ್‌ನಲ್ಲಿ ಆದ ಹಾಗೆ ಮೂರು ಪೆನಾಲ್ಟಿ ಹಾಳು ಮಾಡಿಕೊಂಡರೆ ಯಾವ ತಂತ್ರ ಏನು ಮಾಡುತ್ತೆ?

ಹಳೇ ಬೂಟು

ಆ ಪೆನಾಲ್ಟಿಗಳ ಬಗ್ಗೆ ನಾನೇ ಹೇಳ್ತೀನಿ, ಯಾಕಂದ್ರೆ ಅಲ್ಲಿ ನನಗೂ ಸೌತ್‌ಗೇಟ್ ಮೇಲೆ ಬೇಜಾರಿದೆ.

120ನೇ ನಿಮಿಷದಲ್ಲಿ ರಾಷ್‌ಫರ್ಡ್, ಸ್ಯಾಂಚೊ ಇಬ್ಬರನ್ನೂ ಒಳಗೆ ಕಳಿಸಿದರು, ಪೆನಾಲ್ಟಿ ಹೊಡೆಯೋಕೆ ಅಂತಲೇ. ಅವರಿಗೋಸ್ಕರ ಹೊರಗೆ ಬಂದವರಲ್ಲಿ ಹೆಂಡರ್ಸನ್ ಒಬ್ಬ. ಅವನೇ 74ನೇ ನಿಮಿಷಕ್ಕೆ ಒಳಗೆ ಹೋದವನು! ಆ ಇಬ್ಬರು ಹುಡುಗರ ಕಾಲು ಚೆಂಡನ್ನೇ ಸರಿಯಾಗಿ ಮುಟ್ಟಿರಲಿಲ್ಲ. ಕೊನೆಯ ಪೆನಾಲ್ಟಿ 19 ವರ್ಷದ ಸಾಕಾಗೆ. ರಾಷ್‌ಫರ್ಡ್ ಕಂಬಕ್ಕೆ ಹೊಡೆದ. ಉಳಿದ ಎರಡನ್ನೂ ಇಟಲಿ ಗೋಲ್‌ಕೀಪರ್ ಡೊನ್ನರುಮ್ಮಾ ತಡೆದ.

ಆದರೆ ಆಮೇಲೆ ಏನು ಮಾಡಿದರು ನೋಡಿ. ಯಾರು ಹೊಡೆಯಬೇಕು ಅಂತ ನಿರ್ಧರಿಸಿದ್ದು ನಾನು, ಜವಾಬ್ದಾರಿ ನನ್ನದು ಅಂತ ಎಲ್ಲರ ಮುಂದೆ ಹೇಳಿದರು. 1996ರಲ್ಲಿ ಹಳೇ ವೆಂಬ್ಲಿಯಲ್ಲಿ ಜರ್ಮನಿ ಎದುರು ಪೆನಾಲ್ಟಿ ಹಾಳು ಮಾಡಿಕೊಂಡವರು ಇವರೇ. ಆ ಹುಡುಗರಿಗೆ ಹೇಗಾಗಿರುತ್ತೆ ಅಂತ ಇವರಷ್ಟು ಗೊತ್ತಿದ್ದವರು ಆ ಮೈದಾನದಲ್ಲಿ ಇನ್ನೊಬ್ಬರಿರಲಿಲ್ಲ. ಆ ಮೂವರಿಗೆ ಬಣ್ಣದ ಹೆಸರಲ್ಲಿ ಬಂದ ಬೈಗುಳ ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ. ಅವತ್ತು ಇವರು ಆ ಮಕ್ಕಳ ಪರವಾಗಿ ನಿಂತರು.

ಅದಕ್ಕೇ 2024ರಲ್ಲಿ ಸ್ಲೊವೇನಿಯಾ ಪಂದ್ಯ ಮುಗಿದ ಮೇಲೆ ಅಭಿಮಾನಿಗಳ ಕಡೆ ಚಪ್ಪಾಳೆ ತಟ್ಟೋಕೆ ಹೋದವರ ಮೇಲೆ ಪ್ಲಾಸ್ಟಿಕ್ ಲೋಟ ಎಸೆದರಲ್ಲ, ಅದನ್ನು ನೋಡಿ ನನಗೆ ತುಂಬಾ ನೋವಾಯಿತು. ಆಟ ಹಿಡಿಸಲಿಲ್ಲ ಅಂದರೆ ಹೇಳಿ. ಲೋಟ ಎಸೀಬೇಡಿ.

ಥ್ರೋ ಇನ್

ಇದಕ್ಕೆ ನೂರಕ್ಕೆ ನೂರು ಒಪ್ಪಿಗೆ, ಸರ್.

ಪೆನಾಲ್ಟಿಯಲ್ಲಿ ಅವರು ಕಲಿತರು ಅನ್ನೋದನ್ನೂ ಹೇಳಬೇಕು. 2024 ಕ್ವಾರ್ಟರ್‌ಫೈನಲ್, ಸ್ವಿಟ್ಜರ್ಲೆಂಡ್. ಪಾಮರ್, ಬೆಲಿಂಗಮ್, ಸಾಕಾ, ಟೋನಿ, ಅಲೆಕ್ಸಾಂಡರ್-ಆರ್ನಲ್ಡ್. ಐದಕ್ಕೆ ಐದೂ ಗೋಲು. ಇವರಲ್ಲಿ ಮೂವರು ಬೆಂಚ್‌ನಿಂದ ಬಂದವರು. ಸಾಕಾ ಚೆಂಡು ಇಟ್ಟಾಗ ನಾನು ಮುಖ ಮುಚ್ಚಿಕೊಂಡಿದ್ದೆ. ಬೆರಳ ಸಂದಿಯಲ್ಲಿ ನೋಡಿದೆ.

ಬಲಗಾಲು

ಪಾಮರ್ ಹೆಸರು ಬಂತಲ್ಲ. ಇಲ್ಲಿ ನಿಲ್ಲಿ.

ಸ್ವಿಟ್ಜರ್ಲೆಂಡ್ ಎದುರು 0-1 ಹಿಂದೆ. 78ನೇ ನಿಮಿಷಕ್ಕೆ ಪಾಮರ್, ಎಝೆ, ಶಾ ಒಟ್ಟಿಗೆ ಒಳಗೆ ಬಂದರು. 80ಕ್ಕೆ ಸಾಕಾ ಗೋಲು. ನೆದರ್ಲೆಂಡ್ಸ್ ಎದುರು 81ನೇ ನಿಮಿಷಕ್ಕೆ ಪಾಮರ್, ವಾಟ್ಕಿನ್ಸ್ ಒಳಗೆ. 90 ಆಗುತ್ತಿದ್ದಂತೆ ಪಾಮರ್ ಪಾಸ್, ವಾಟ್ಕಿನ್ಸ್ ಗೋಲು. ಫೈನಲ್‌ನಲ್ಲಿ 70ಕ್ಕೆ ಪಾಮರ್ ಒಳಗೆ. 73ಕ್ಕೆ ಪಾಮರ್ ಗೋಲು.

ಮೂರು ಪಂದ್ಯ, ಮೂರೂ ಸಲ. ಆದರೂ ಟೂರ್ನಿಯಲ್ಲಿ ಒಂದು ಪಂದ್ಯದಲ್ಲೂ ಅವನನ್ನು ಮೊದಲಿನಿಂದ ಆಡಿಸಲಿಲ್ಲ. ಕೇಳಿದರೆ ಬೆಂಚ್ ಚೆನ್ನಾಗಿ ಬಳಸಿದರು ಅಂತಾರೆ.

ಹಳೇ ಬೂಟು

ತಮ್ಮ, ಸುಸ್ತಾದ ಕಾಲುಗಳ ಎದುರು 20 ನಿಮಿಷ ಆಡೋದು ಬೇರೆ, ಹೊಸ ಕಾಲುಗಳ ಎದುರು 90 ನಿಮಿಷ ಆಡೋದು ಬೇರೆ. ಮೊದಲ 70 ನಿಮಿಷ ಫೋಡನ್, ಸಾಕಾ ಎದುರಾಳಿಯನ್ನು ಓಡಿಸಿ ದಣಿಸಿದ್ದರಿಂದಲೇ ಪಾಮರ್‌ಗೆ ಜಾಗ ಸಿಕ್ಕಿತು. ನೆದರ್ಲೆಂಡ್ಸ್ ಪಂದ್ಯದಲ್ಲಿ ಕೇನ್, ಫೋಡನ್ ಇಬ್ಬರನ್ನೂ ಹೊರಗೆ ಕರೆಯೋಕೆ ಎಷ್ಟು ಧೈರ್ಯ ಬೇಕು, ಯೋಚನೆ ಮಾಡಿ. ವಾಟ್ಕಿನ್ಸ್ ಗೋಲು ಹೊಡೆಯದಿದ್ದರೆ ಮಾರನೇ ದಿನ ಪತ್ರಿಕೆಗಳು ಏನು ಬರೆಯುತ್ತಿದ್ದವು? ಹೆದರುವ ಮನುಷ್ಯ ಮಾಡುವ ಬದಲಾವಣೆ ಅಲ್ಲ ಅದು.

ಬಲಗಾಲು

ಆ ಬದಲಾವಣೆ ಧೈರ್ಯದ್ದು. ಅದನ್ನು ಇಲ್ಲ ಅನ್ನಲ್ಲ.

ನಂಬರ್ ಆರು

ಎಲ್ಲರೂ 2024ರ ಸ್ಪೇನ್ ಎದುರಿನ ಫೈನಲ್‌ನಲ್ಲಿ 73ರಿಂದ 86ರವರೆಗಿನ 13 ನಿಮಿಷ ಒಮ್ಮೆ ನೋಡಿ.

ಪಾಮರ್ ಗೋಲು ಹೊಡೆದು 1-1. ಸ್ಪೇನ್‌ನ ರೋಡ್ರಿ ಗಾಯವಾಗಿ ಅರ್ಧಕ್ಕೇ ಹೊರಗೆ ಹೋಗಿದ್ದಾನೆ. ಇಂಗ್ಲೆಂಡ್ ಅಭಿಮಾನಿಗಳ ಕೂಗು ಮುಗಿಲು ಮುಟ್ಟಿದೆ. ತಳ್ಳೋಕೆ ಇದಕ್ಕಿಂತ ಒಳ್ಳೆ ಹೊತ್ತು ಸಿಗಲ್ಲ. ಆದರೆ ನಿಧಾನಕ್ಕೆ, ಒಂದೊಂದೇ ಹೆಜ್ಜೆ, ಎಲ್ಲರೂ ಹಿಂದೆ ಹೋಗ್ತಾರೆ. ಯಾರೂ ಹೇಳಿದ ಹಾಗೆ ಕಾಣಲ್ಲ. ಬೆಂಚ್‌ನಿಂದ ಸನ್ನೆ ಬಂದ ಹಾಗೂ ಇಲ್ಲ. ಅಭ್ಯಾಸ ಆಗಿಹೋಗಿದೆ. ಸ್ಪೇನ್ ಮತ್ತೆ ಚೆಂಡು ತಗೊಳ್ಳುತ್ತೆ. 86ಕ್ಕೆ ಎಡಗಡೆಯಿಂದ ಕುಕುರೇಯಾ ನೆಲಮಟ್ಟದ ಕ್ರಾಸ್. ಒಯಾರ್ಸಾಬಾಲ್ ಇಂಗ್ಲೆಂಡ್ ಡಿಫೆಂಡರ್ ಗೆಹಿಗಿಂತ ಒಂದು ಹೆಜ್ಜೆ ಮುಂದೆ ಜಾರಿ ಬಂದು ಕಾಲು ಇಟ್ಟ. ಮುಗೀತು.

ಆ ಕ್ರಾಸ್ ಕೊಟ್ಟ ಕುಕುರೇಯಾ ಎಡಗಾಲಿನ ಲೆಫ್ಟ್ ಬ್ಯಾಕ್. ಬಲಗಾಲು ಅವರು ಬರೆದದ್ದು ಓದಿದ ಮೇಲೆ ನನಗೆ ಅದು ಬೇರೆ ಥರ ಕಾಣಿಸ್ತಿದೆ.

ಹಳೇ ಬೂಟು

ಅದರ ನಂತರ ಕಾರ್ನರ್‌ನಲ್ಲಿ ಗೆಹಿ ತಲೆಯಿಂದ ಹೊಡೆದ ಚೆಂಡನ್ನು ಓಲ್ಮೊ ಗೋಲಿನ ಗೆರೆ ಮೇಲೆ ನಿಂತು ತಲೆಯಿಂದಲೇ ಹೊರಗೆ ಹಾಕಿದ. ಅದು ಒಳಗೆ ಹೋಗಿದ್ದರೆ ಈ ಚರ್ಚೆಯ ಅರ್ಧ ಇರುತ್ತಿರಲಿಲ್ಲ. ಇದನ್ನೂ ಬರೆಯಿರಿ.

ಆದರೆ ಶಾ ವಿಷಯದಲ್ಲಿ ಬಲಗಾಲು ಹೇಳಿದ್ದು ನಿಜ. ಗಾಯಗೊಂಡವನನ್ನು ಕರೆದುಕೊಂಡು ಹೋಗೋದು ತಪ್ಪಲ್ಲ. ಅವನ ಜೊತೆ ಎಡಗಾಲಿನ ಇನ್ನೊಬ್ಬನನ್ನು ಕರೆದುಕೊಂಡು ಹೋಗದೇ ಇದ್ದದ್ದು ತಪ್ಪು. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ನಿಮಗೊಂದು ಪ್ರಶ್ನೆ. 2022ರ ವಿಶ್ವಕಪ್ ಯಾರೂ ಎತ್ತಲೇ ಇಲ್ಲವಲ್ಲ? ಅಲ್ಲಿ ಐದು ಪಂದ್ಯಕ್ಕೆ 13 ಗೋಲು. ಇರಾನ್‌ಗೆ ಆರು, ವೇಲ್ಸ್‌ಗೆ ಮೂರು, ಸೆನೆಗಲ್‌ಗೆ ಮೂರು. ಫ್ರಾನ್ಸ್ ಎದುರು ಹಿಂದೆ ಬಿದ್ದ ಮೇಲೆ ಮುಂದೆ ಹೋಗಿ ಆಡಿದರು. ಸಾಕಾ ಆ ದಿನ ಎಷ್ಟು ಚೆನ್ನಾಗಿ ಆಡಿದ! 54ಕ್ಕೆ ಕೇನ್ ಪೆನಾಲ್ಟಿಯಿಂದ 1-1. 78ಕ್ಕೆ ಜಿರೂ ತಲೆಯಿಂದ 2-1. 84ಕ್ಕೆ ಮತ್ತೆ ಪೆನಾಲ್ಟಿ ಸಿಕ್ಕಿತು, ಕೇನ್ ಗೋಲಿನ ಅಡ್ಡಪಟ್ಟಿಯ ಮೇಲಿಂದ ಹೊರಗೆ ಹೊಡೆದ. ಅವತ್ತು ಎಚ್ಚರಿಕೆ ಎಲ್ಲಿತ್ತು? ನೀವು ಬೇಕು ಅಂದ ಹಾಗೇ ಆಡಿ ಸೋತರು.

ನಂಬರ್ ಆರು

ಸರ್, ಇದನ್ನು ನಾನು ಎತ್ತದೇ ಬಿಟ್ಟದ್ದು ನನ್ನ ತಪ್ಪು. ಆ ಪಂದ್ಯದಲ್ಲಿ ಅವರು ಆಡಿದ್ದು ನನಗೆ ತುಂಬಾ ಇಷ್ಟ. ಸೋತರೂ ಅವತ್ತು ಕೋಪ ಬರಲಿಲ್ಲ. ಅಳು ಬಂತು, ಅದು ಬೇರೆ.

ಆದರೆ ಒಂದು ಅನುಮಾನ ಇದೆ. 54ಕ್ಕೆ 1-1 ಆದ ಮೇಲೂ ಮುಂದೆಯೇ ಇದ್ದರಾ, ಅಥವಾ ಅಲ್ಲೂ ಒಂದು ಹೆಜ್ಜೆ ಹಿಂದೆ ಸರಿದರಾ? ನನ್ನ ನೆನಪಿನಲ್ಲಿ ಮುಂದೆಯೇ ಇದ್ದರು. ನೆನಪನ್ನು ನಂಬಿ ಬರೆಯಲ್ಲ. ಇವತ್ತು ರಾತ್ರಿ 54ರಿಂದ 78ರವರೆಗೆ ಆ 24 ನಿಮಿಷ ಹಾಕಿ, ಹಿಂದಿನ ನಾಲ್ವರು ಎಲ್ಲಿ ನಿಂತಿದ್ದಾರೆ ಅಂತ ಅದೊಂದನ್ನೇ ನೋಡ್ತೀನಿ. ನಾಳೆ ಬಂದು ಬರೀತೀನಿ.

ಬಲಗಾಲು

ಶಾ ಅವತ್ತು ಎಡಗಡೆ ಇದ್ದ. ಅವನು ಚೆಂಡು ತಗೊಂಡಾಗ ಯಾವ ಕಡೆ ತಿರುಗ್ತಾನೆ ಅಂತಲೂ ನೋಡಿ.